ಮುಖಲೇಪವೂ ದಿನಚರ್ಯೆಯೂ: ‘ವರ್ಣ್ಯ’ ಶಬ್ದದ ಒಂದು ವಿಚಾರ

1. ವಿಷಯಪ್ರವೇಶ

ಪ್ರಾಚೀನ ಭಾರತದ ಸಾಮಾಜಿಕ ಜೀವನವನ್ನು ಕುರಿತು ಬರೆದ ವಿದ್ವಾಂಸರು ಪ್ರಸಾಧನದ ವಿಷಯವನ್ನು ವಸ್ತ್ರಾಭರಣಗಳ ಪ್ರಕರಣದ ಕೊನೆಯಲ್ಲಿ ಎರಡು ಮಾತುಗಳಿಂದ ಮುಗಿಸಿಬಿಡುವುದು ವಾಡಿಕೆ. ಇದಕ್ಕೆ ಕಾರಣವಿಲ್ಲದಿಲ್ಲ. ಆಭರಣಗಳು ಶಿಲ್ಪದಲ್ಲಿ ಉಳಿದಿವೆ, ಲೇಪಗಳು ಉಳಿದಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೈಕಿ ಕನ್ನಡಿಯನ್ನು ಹಿಡಿದು ಮುಖವನ್ನು ನೋಡಿಕೊಳ್ಳುತ್ತಿರುವ ದರ್ಪಣಸುಂದರಿಯನ್ನು ಎಲ್ಲರೂ ಬಲ್ಲರು. ಆಕೆಯ ಕೊರಳ ಹಾರವನ್ನೂ ತೋಳಬಂದಿಯನ್ನೂ ನಾವು ಎಣಿಸಬಹುದು. ಆದರೆ ಆಕೆ ಅಂದು ಬೆಳಗ್ಗೆ ಮುಖಕ್ಕೆ ಏನನ್ನು ಹಚ್ಚಿ ಏನನ್ನು ತೊಳೆದಳೆಂಬುದನ್ನು ಕಲ್ಲು ಹೇಳಲಾರದು. ಅದಕ್ಕೆ ನಾವು ಗ್ರಂಥಗಳನ್ನೇ ಆಶ್ರಯಿಸಬೇಕು.

ಅದೃಷ್ಟವಶಾತ್ ಈ ವಿಷಯದಲ್ಲಿ ಗ್ರಂಥಸಾಮಗ್ರಿ ವಿಪುಲವಾಗಿದೆ. ಚರಕ, ಸುಶ್ರುತ, ವಾಗ್ಭಟರ ಸಂಹಿತೆಗಳು ದಿನಚರ್ಯೆಯನ್ನು ವಿಧಿರೂಪದಲ್ಲಿ ಹೇಳುತ್ತವೆ. ವಾತ್ಸ್ಯಾಯನನ ಕಾಮಸೂತ್ರ ನಾಗರಕನ ದಿನವನ್ನು ವರ್ಣಿಸುತ್ತದೆ. ಕರ್ನಾಟಕದ ಮಟ್ಟಿಗೆ ಕಲ್ಯಾಣದ ಚಾಲುಕ್ಯರ ಕಾಲದ ಎರಡು ಗ್ರಂಥಗಳು ನಮಗೆ ನೆರವಾಗುತ್ತವೆ. ಇವುಗಳ ಆಧಾರದಿಂದ ಮುಖಸಂಸ್ಕಾರದ ಕ್ರಮವನ್ನು ಸಂಗ್ರಹಿಸುವುದು ಈ ಲೇಖನದ ಮೊದಲ ಉದ್ದೇಶ. ಈ ಗ್ರಂಥಗಳಲ್ಲಿ ಪದೇ ಪದೇ ಬರುವ ‘ವರ್ಣ್ಯ’ ಎಂಬ ಶಬ್ದವನ್ನು ಇಂದು ‘ಬಿಳುಪು ಕೊಡುವುದು’ ಎಂದು ಅರ್ಥೈಸುವ ರೂಢಿ ಬೆಳೆದಿದೆ. ಈ ಅರ್ಥಕ್ಕೆ ಮೂಲದಲ್ಲಿ ಆಧಾರವಿದೆಯೇ ಎಂದು ಪರಿಶೀಲಿಸುವುದು ಎರಡನೆಯ ಉದ್ದೇಶ. ಪ್ರಶ್ನೆ ಕೇವಲ ಕೋಶಕಾರರದಲ್ಲ. ಇದರ ಪರಿಣಾಮವನ್ನು ಜನರು ತಮ್ಮ ಮುಖದ ಮೇಲೆಯೇ ಅನುಭವಿಸುತ್ತಿದ್ದಾರೆಂಬುದನ್ನು ಮುಂದೆ ನೋಡುವೆವು.

2. ದಿನಚರ್ಯೆಯಲ್ಲಿ ಮುಖದ ಸ್ಥಾನ

ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ ಎರಡನೆಯ ಅಧ್ಯಾಯವನ್ನು ದಿನಚರ್ಯೆಗೇ ಮೀಸಲಿಟ್ಟಿದ್ದಾನೆ. ಬ್ರಾಹ್ಮೀಮುಹೂರ್ತದಲ್ಲಿ ಎದ್ದು, ದಂತಧಾವನ, ಅಂಜನ, ನಸ್ಯ, ಗಂಡೂಷಗಳನ್ನು ಮುಗಿಸಿ, ಎಣ್ಣೆಯಿಂದ ಅಭ್ಯಂಗ, ವ್ಯಾಯಾಮ, ಪುಡಿಯಿಂದ ಮೈಯನ್ನು ಉಜ್ಜುವ ಉದ್ವರ್ತನ, ತದನಂತರ ಸ್ನಾನ, ಇದು ಆತನು ಹೇಳುವ ಕ್ರಮ. ಉದ್ವರ್ತನದ ಫಲಗಳಲ್ಲಿ ಕೊನೆಯದಾಗಿ ತ್ವಕ್ಪ್ರಸಾದವನ್ನು, ಎಂದರೆ ತೊಗಲಿನ ತಿಳಿತನವನ್ನು, ಹೇಳಿದೆ. ದೀಪಾವಳಿ ಯುಗಾದಿಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಎಣ್ಣೆನೀರಿನ ಸ್ನಾನ, ಆ ಬಳಿಕ ಸೀಗೆಪುಡಿ ಕಡಲೆಹಿಟ್ಟುಗಳಿಂದ ಜಿಡ್ಡನ್ನು ತೆಗೆಯುವ ಪದ್ಧತಿ, ಈ ಅಭ್ಯಂಗ–ಉದ್ವರ್ತನಗಳ ಜೋಡಿಯನ್ನೇ ನೆನಪಿಗೆ ತರುತ್ತದೆ.

ಮುಖವನ್ನು ತೊಳೆಯುವ ವಿಷಯದಲ್ಲಿ ಸುಶ್ರುತನ ಮಾತು ಹೆಚ್ಚು ವಿವರವಾಗಿದೆ. ಚಿಕಿತ್ಸಾಸ್ಥಾನದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ, ಹಾಲುಸೊನೆಯ ಮರಗಳ ತೊಗಟೆಯ ಕಷಾಯಕ್ಕೆ ಹಾಲನ್ನು ಬೆರೆಸಿಯಾಗಲಿ, ಲೋಧ್ರದ ಕಷಾಯದಿಂದಾಗಲಿ, ನೆಲ್ಲಿಯ ಕಷಾಯದಿಂದಾಗಲಿ, ಇಲ್ಲವೇ ತಣ್ಣೀರಿನಿಂದಾಗಲಿ ಮುಖವನ್ನೂ ಕಣ್ಣನ್ನೂ ತೊಳೆಯಬೇಕೆಂದು ವಿಧಿಸಿದೆ. ಇದರಿಂದ ಮುಖದ ಒಣಗುವಿಕೆ, ಪಿಡಕ ಅಂದರೆ ಮೊಡವೆ, ವ್ಯಂಗ ಎಂಬ ಕಪ್ಪು ಕಲೆ, ಇವು ನಿವಾರಣೆಯಾಗುತ್ತವೆಂಬುದು ಫಲಶ್ರುತಿ. ಇಲ್ಲಿ ಒಂದೇ ದ್ರವ್ಯವನ್ನು ಎಲ್ಲರಿಗೂ ಹೇಳದೆ ಆಯ್ಕೆಗೆ ಎಡೆಗೊಟ್ಟಿರುವುದು ಗಮನಾರ್ಹ. ಮೊಡವೆಯ ವಿಚಾರದಲ್ಲಿ ಸುಶ್ರುತನ ವೀಕ್ಷಣೆ ಸೂಕ್ಷ್ಮವಾದುದು. ಕ್ಷುದ್ರರೋಗಗಳ ಪ್ರಕರಣದಲ್ಲಿ ಆತನು ಇದನ್ನು ಬೂರುಗದ ಮುಳ್ಳಿಗೆ ಹೋಲಿಸಿ, ಯೌವನದಲ್ಲಿ ಮುಖದ ಮೇಲೆ ಹುಟ್ಟುವುದೆಂದು ಹೇಳಿ, ‘ಮುಖದೂಷಿಕಾ’ ಎಂಬ ಹೆಸರನ್ನು ಕೊಡುತ್ತಾನೆ; ಬಜೆ, ಲೋಧ್ರ, ಸೈಂಧವಲವಣ, ಸಾಸಿವೆಗಳ ಲೇಪವನ್ನು ಚಿಕಿತ್ಸೆಯಾಗಿ ಸೂಚಿಸುತ್ತಾನೆ.

ವೈದ್ಯಗ್ರಂಥಗಳ ವಿಧಿ ನಗರಜೀವನದಲ್ಲಿ ಯಾವ ರೂಪವನ್ನು ತಾಳಿತ್ತೆಂಬುದಕ್ಕೆ ವಾತ್ಸ್ಯಾಯನನು ಸಾಕ್ಷಿ. ಆತನ ನಾಗರಕನು ಬೆಳಗ್ಗೆ ಹಲ್ಲುಜ್ಜಿ, ಅನುಲೇಪನವನ್ನು ಮಿತವಾಗಿ ಹಚ್ಚಿಕೊಂಡು, ತುಟಿಗೆ ಮೇಣವನ್ನೂ ಅರಗಿನ ಕೆಂಪನ್ನೂ ಸವರಿ, ಕನ್ನಡಿಯಲ್ಲಿ ಮುಖವನ್ನು ನೋಡಿಕೊಂಡು ಕೆಲಸಕ್ಕೆ ತೊಡಗುತ್ತಾನೆ. ಸ್ನಾನ ನಿತ್ಯವೂ ಉಂಟು; ಮೈಯುಜ್ಜುವುದು ಎರಡು ದಿನಕ್ಕೊಮ್ಮೆ; ‘ಫೇನಕ’ವೆಂಬ ನೊರೆಯ ದ್ರವ್ಯವನ್ನು ಬಳಸುವುದು ಮೂರು ದಿನಕ್ಕೊಮ್ಮೆ; ಕ್ಷೌರ ನಾಲ್ಕು ದಿನಕ್ಕೊಮ್ಮೆ. ಎಂದರೆ ದಿನಚರ್ಯೆಯೆಂಬುದು ಎಲ್ಲವನ್ನೂ ದಿನದಿನವೂ ಮಾಡುವುದಲ್ಲ. ಯಾವುದನ್ನು ಎಷ್ಟು ಅಂತರದಲ್ಲಿ ಮಾಡಬೇಕು, ಎಷ್ಟರಲ್ಲಿ ನಿಲ್ಲಿಸಬೇಕು ಎಂಬ ಅಳತೆಯೇ ಅದರ ಸಾರ. ಅನುಲೇಪನದ ಪ್ರಸಂಗದಲ್ಲಿ ಬರುವ ‘ಮಿತ’ದ ಭಾವವನ್ನು ಓದುಗರು ಲಕ್ಷ್ಯದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

3. ಮುಖಲೇಪದ ವಿಧಿನಿಷೇಧಗಳು

ಮುಖಲೇಪದ ಶಾಸ್ತ್ರೀಯ ವಿವೇಚನೆ ಅಷ್ಟಾಂಗಹೃದಯದ ಸೂತ್ರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿದೆ. ವಾಗ್ಭಟನ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. ಏಳನೆಯ ಶತಮಾನದ ಸುಮಾರಿನಲ್ಲಿ ಇಡುತ್ತಾರೆ. ಆತನು ಮುಖಲೇಪವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ದೋಷವನ್ನು ಕಳೆಯುವುದು, ವಿಷವನ್ನು ಕಳೆಯುವುದು, ವರ್ಣವನ್ನು ಉಂಟುಮಾಡುವುದು. ಲೇಪದ ದಪ್ಪಕ್ಕೂ ಅಂಗುಲದ ಕಾಲುಭಾಗ, ಮೂರರಲ್ಲೊಂದು ಭಾಗ, ಅರ್ಧಭಾಗ ಎಂದು ಮೂರು ಪ್ರಮಾಣಗಳುಂಟು. ವಾತಕಫದ ತೊಂದರೆಯಿದ್ದಲ್ಲಿ ಲೇಪವು ಬೆಚ್ಚಗಿರಬೇಕು, ಉಳಿದೆಡೆ ತಣ್ಣಗಿರಬೇಕು.

ಇದಕ್ಕಿಂತ ಮುಖ್ಯವಾದುದು ಲೇಪವನ್ನು ತೆಗೆಯುವ ವಿಧಿ. ಲೇಪ ಒಣಗುವವರೆಗೆ ಮುಖದ ಮೇಲೆ ಇರಕೂಡದು. ಒಣಗಿದ ಲೇಪವು ಛವಿಯನ್ನು, ಎಂದರೆ ತೊಗಲಿನ ಕಾಂತಿಯನ್ನು, ಕೆಡಿಸುತ್ತದೆ. ಅದನ್ನು ಮತ್ತೆ ಒದ್ದೆಮಾಡಿ ತೆಗೆಯಬೇಕು. ತೆಗೆದ ಮೇಲೆ ಮುಖಕ್ಕೆ ಎಣ್ಣೆಯನ್ನು ಸವರಬೇಕು. ಲೇಪವಿರುವಾಗ ಹಗಲುನಿದ್ದೆ, ಹೆಚ್ಚು ಮಾತು, ಬೆಂಕಿಯ ಕಾವು, ಬಿಸಿಲು, ದುಃಖ, ಕೋಪ, ಇವು ಕೂಡವು. ನೆಗಡಿ, ಅಜೀರ್ಣ, ಅರುಚಿ, ನಿದ್ದೆಗೇಡು ಇರುವವರಿಗೂ, ನಸ್ಯವನ್ನು ತೆಗೆದುಕೊಂಡವರಿಗೂ, ದವಡೆ ಹಿಡಿದಿರುವವರಿಗೂ ಲೇಪವನ್ನು ಹಚ್ಚಲಾಗದು. ಹೀಗೆ ಮುಖಕ್ಕೆ ಏನನ್ನು ಹಚ್ಚಬೇಕು ಎಂಬುದರ ಜತೆಗೆ ಯಾವಾಗ ಹಚ್ಚಬಾರದು ಎಂಬುದನ್ನೂ ಅಷ್ಟೇ ನಿಷ್ಕೃಷ್ಟವಾಗಿ ಹೇಳಿದೆ.

ಇನ್ನು ದ್ರವ್ಯಗಳು. ವಾಗ್ಭಟನು ಆರು ಋತುಗಳಿಗೆ ಆರು ಲೇಪಗಳನ್ನು ಹೇಳುತ್ತಾನೆ. ಹೇಮಂತದಲ್ಲಿ ಎಲಚಿಯ ತಿರುಳು, ಆಡುಸೋಗೆಯ ಬೇರು, ಲೋಧ್ರ, ಬಿಳಿಸಾಸಿವೆ. ಶಿಶಿರದಲ್ಲಿ ಕರಿಯೆಳ್ಳು, ಮರದರಿಸಿನದ ತೊಗಟೆ, ಹೊಟ್ಟು ತೆಗೆದ ಜವೆ ಮೊದಲಾದವು. ವಸಂತದಲ್ಲಿ ದರ್ಭೆಯ ಬೇರು, ಚಂದನ, ಲಾವಂಚ, ಶಿರೀಷ, ಅಕ್ಕಿ ಮೊದಲಾದವು. ಗ್ರೀಷ್ಮದಲ್ಲಿ ನೈದಿಲೆಯ ಜಾತಿಯ ಹೂಗಳು, ಗರಿಕೆ, ಅತಿಮಧುರ, ಚಂದನ. ವರ್ಷರ್ತುವಿನಲ್ಲಿ ಎಳ್ಳು, ಲಾವಂಚ, ಜಟಾಮಾಂಸಿ, ತಗರ ಮೊದಲಾದವು. ಶರತ್ತಿನಲ್ಲಿ ತಾಲೀಸ, ಅತಿಮಧುರ, ಅಗರು ಮೊದಲಾದವು. ಚಳಿಗಾಲಕ್ಕೆ ಸಾಸಿವೆ ಎಳ್ಳುಗಳಂಥ ಜಿಡ್ಡಿನ ಬೀಜಗಳು, ಬೇಸಗೆಗೆ ನೀರಿನ ಹೂಗಳೂ ಚಂದನವೂ, ಹೀಗೆ ದ್ರವ್ಯವು ಋತುವನ್ನು ಅನುಸರಿಸಿ ಬದಲಾಗುತ್ತದೆ. ಮುಖವು ಎರಡು ತಿಂಗಳಿಗೊಮ್ಮೆ ಬೇರೊಂದು ಲೇಪವನ್ನು ಬೇಡುತ್ತದೆಂಬುದು ಈ ಪಟ್ಟಿಯ ಹಿಂದಿನ ತತ್ತ್ವ. ಲೇಪಶೀಲರಾದವರ ದೃಷ್ಟಿ ದೃಢವಾಗುವುದೆಂದೂ, ಮುಖ ಬಾಡದೆ ನುಣುಪಾಗಿ ತಾವರೆಯಂತಿರುವುದೆಂದೂ ಫಲವನ್ನು ಹೇಳಿದೆ. ಮುಖವು ಬಿಳಿದಾಗುವುದೆಂಬ ಮಾತು ಈ ಫಲಶ್ರುತಿಯಲ್ಲಿಲ್ಲ.

4. ಕರ್ನಾಟಕದ ಸಾಮಗ್ರಿ

ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ ಕಲ್ಯಾಣದ ಚಾಲುಕ್ಯರ ಆಳ್ವಿಕೆ ಕರ್ನಾಟಕದಲ್ಲಿ ಶಾಸ್ತ್ರಸಾಹಿತ್ಯಕ್ಕೆ ಸಮೃದ್ಧಿಯ ಕಾಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರವು ಜ್ಯೋತಿಷ, ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯಗಳೊಡನೆ ಸುಗಂಧದ್ರವ್ಯಗಳ ತಯಾರಿಕೆಗೂ ಸ್ಥಾನವನ್ನು ಕೊಟ್ಟಿದೆ. ಗೃಹಸ್ಥನಿಗೆ ತಿಳಿದಿರಬೇಕಾದ ವಿದ್ಯೆಗಳ ಸಾಲಿನಲ್ಲಿ ಇದೂ ಒಂದೆಂದು ಎಣಿಸಿರುವುದು, ಲೇಪಗಳು ಅಂಗಡಿಯಿಂದ ಸಿದ್ಧವಾಗಿ ಬರುವ ವಸ್ತುಗಳಾಗಿರದೆ ಮನೆಯಲ್ಲಿ ಕೂಡಿಸಿಕೊಳ್ಳುವ ವಸ್ತುಗಳಾಗಿದ್ದವೆಂಬುದನ್ನು ಸೂಚಿಸುತ್ತದೆ.

ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಶಕವರ್ಷ 1051ರ, ಎಂದರೆ ಕ್ರಿ.ಶ. 1129ರ, ಸುಮಾರಿನ ಕೃತಿ. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಿರುವ ಈ ಸಂಸ್ಕೃತ ಗ್ರಂಥದ ಮೂರನೆಯ ವಿಂಶತಿ ರಾಜನ ಇಪ್ಪತ್ತು ಉಪಭೋಗಗಳಿಗೆ ಮೀಸಲಾಗಿದೆ. ಅವುಗಳಲ್ಲಿ ಸ್ನಾನಭೋಗ, ವಿಲೇಪನಭೋಗ, ಧೂಪಭೋಗಗಳು ನಮ್ಮ ವಿಷಯಕ್ಕೆ ಸಂಬಂಧಿಸಿದವು. ಸ್ನಾನದ ಅಧ್ಯಾಯದಲ್ಲಿ ಸುವಾಸನೆಯ ಎಣ್ಣೆಯಿಂದ ಅಭ್ಯಂಗ, ಕಲ್ಕದಿಂದ ಜಿಡ್ಡನ್ನು ತೆಗೆಯುವುದು, ಬಳಿಕ ಸ್ನಾನ ಎಂಬ ಕ್ರಮವನ್ನೂ, ವಿಲೇಪನದ ಅಧ್ಯಾಯದಲ್ಲಿ ಚಂದನ, ಕುಂಕುಮಕೇಸರಿ, ಕಸ್ತೂರಿ, ಕರ್ಪೂರ ಮೊದಲಾದವುಗಳನ್ನು ಋತುಭೇದಕ್ಕೆ ಅನುಗುಣವಾಗಿ ಬಳಸುವುದನ್ನೂ ಕಾಣುತ್ತೇವೆ. ವೈದ್ಯನ ಋತುಲೇಪದ ತತ್ತ್ವವು ಅರಮನೆಯಲ್ಲಿ ಭೋಗದ ರೂಪವನ್ನು ತಾಳಿದೆ. ತತ್ತ್ವ ಮಾತ್ರ ಬದಲಾಗಿಲ್ಲ.

ಈ ದ್ರವ್ಯಗಳು ಎಲ್ಲಿಂದ ಬರುತ್ತಿದ್ದುವು? ಚಂದನ ನಾಡಿನದೇ. ಕೇಸರಿ, ಕಸ್ತೂರಿ, ಕರ್ಪೂರಗಳು ದೂರದವು. ಹನ್ನೊಂದನೆಯ ಶತಮಾನದ ನಡುವಿನ ಶಿಕಾರಿಪುರ ಪ್ರಾಂತದ ಶಾಸನವೊಂದು ಅಯ್ಯಾವೊಳೆಯ ಐನೂರ್ವರೆಂಬ ವಣಿಕಸಂಘದವರ ಸರಕುಗಳನ್ನು ಹೇಳುವಾಗ ರತ್ನಗಳೊಡನೆ ಏಲಕ್ಕಿ, ಲವಂಗ, ಚಂದನ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಎಣಿಸಿದೆ. ಸೋಮೇಶ್ವರನ ವಿಲೇಪನಭೋಗದ ಬೆನ್ನಹಿಂದೆ ಈ ವ್ಯಾಪಾರವಿತ್ತು. ಆದಕಾರಣ ಇಂಥ ವಿಲೇಪನ ಎಲ್ಲರ ಕೈಗೆ ಎಟುಕುತ್ತಿತ್ತೆಂದು ತಿಳಿಯಲಾಗದು. ಸಾಮಾನ್ಯರ ಪಾಲಿಗೆ ಅರಿಸಿನ, ಎಣ್ಣೆ, ಕಾಳಿನ ಹಿಟ್ಟು, ಸೀಗೆ, ಅಂಟುವಾಳಗಳೇ ಪ್ರಸಾಧನಸಾಮಗ್ರಿ. ಆದರೂ ವಾಗ್ಭಟನ ಪಟ್ಟಿಯಲ್ಲಿರುವ ಗರಿಕೆ, ಎಳ್ಳು, ಸಾಸಿವೆ, ಅಕ್ಕಿ, ದರ್ಭೆಗಳು ಬಡವನ ಹಿತ್ತಿಲಿನಲ್ಲೂ ದೊರೆಯತಕ್ಕವೆಂಬುದನ್ನು ಮರೆಯಬಾರದು.

5. ವರ್ಣ, ಛಾಯೆ, ಪ್ರಭೆ

ಈಗ ‘ವರ್ಣ್ಯ’ ಶಬ್ದಕ್ಕೆ ಬರೋಣ. ಚರಕನು ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಹತ್ತು ವರ್ಣ್ಯ ದ್ರವ್ಯಗಳ ಗಣವೊಂದನ್ನು ಹೇಳಿದ್ದಾನೆ. ಚಂದನ, ಲಾವಂಚ, ಅತಿಮಧುರ, ಮಂಜಿಷ್ಠ, ಸಾರಿವಾ ಅಲ್ಲಿ ಸೇರಿವೆ. ಇವು ಮೈಯನ್ನು ಬಿಳಿದು ಮಾಡುವ ದ್ರವ್ಯಗಳೆಂದು ಇಂದಿನ ಮಾರಾಟದ ಬರಹಗಳು ಹೇಳುತ್ತವೆ. ಆದರೆ ವರ್ಣವೆಂದರೇನೆಂದು ಚರಕನೇ ಬೇರೊಂದೆಡೆ ವಿವರಿಸಿದ್ದಾನೆ.

ಇಂದ್ರಿಯಸ್ಥಾನದ ಮೊದಲ ಅಧ್ಯಾಯದಲ್ಲಿ ಶರೀರದ ಪ್ರಕೃತಿವರ್ಣಗಳು ನಾಲ್ಕೆಂದು ಎಣಿಸಿದೆ: ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ. ಕಪ್ಪು, ಶ್ಯಾಮಲ, ಶ್ಯಾಮಲ ಬೆರೆತ ತಿಳಿಬಣ್ಣ, ತಿಳಿಬಣ್ಣ, ಈ ನಾಲ್ಕೂ ಸಹಜ. ನಾಲ್ಕೂ ಆರೋಗ್ಯದ ಬಣ್ಣಗಳು. ತದನಂತರ ವಿಕೃತಿವರ್ಣಗಳನ್ನು ಹೇಳುವಾಗ ನೀಲ, ಶ್ಯಾವ, ತಾಮ್ರ, ಹರಿತಗಳೊಡನೆ ‘ಶುಕ್ಲ’ವನ್ನೂ ಸೇರಿಸಿದೆ. ಎಂದರೆ ಅಚ್ಚ ಬಿಳುಪನ್ನು ಚರಕನು ರೋಗದ ಇಲ್ಲವೇ ಮರಣದ ಸೂಚನೆಯೆಂದು ಬಗೆಯುತ್ತಾನೆಯೇ ಹೊರತು ಸಾಧಿಸಬೇಕಾದ ಗುಣವೆಂದಲ್ಲ.

ಇದೇ ಸ್ಥಾನದ ಏಳನೆಯ ಅಧ್ಯಾಯದಲ್ಲಿ ಛಾಯೆ ಮತ್ತು ಪ್ರಭೆ ಎಂಬ ವಿಭಾಗವುಂಟು. ಛಾಯೆಯು ವರ್ಣವನ್ನು ಆವರಿಸುತ್ತದೆ, ಪ್ರಭೆಯು ವರ್ಣವನ್ನು ಬೆಳಗುತ್ತದೆ. ಛಾಯೆ ಹತ್ತಿರದಿಂದ ಕಾಣುತ್ತದೆ, ಪ್ರಭೆ ದೂರದಿಂದಲೂ ತೋರುತ್ತದೆ. ಪ್ರಭೆ ಏಳು ಬಗೆ. ಅವುಗಳಲ್ಲಿ ‘ಅಸಿತ’ವೂ, ಎಂದರೆ ಕಪ್ಪು ಪ್ರಭೆಯೂ, ಒಂದು. ಯಾವ ಪ್ರಭೆ ವಿಕಾಸವಾಗಿ, ಸ್ನಿಗ್ಧವಾಗಿ, ವಿಪುಲವಾಗಿ ಇರುವುದೋ ಅದು ಶುಭ. ರೂಕ್ಷವಾಗಿ, ಮಲಿನವಾಗಿ, ಕುಗ್ಗಿ ಇರುವುದು ಅಶುಭ. ಇಲ್ಲಿ ಶುಭಾಶುಭಗಳ ಭೇದವು ಬಿಳುಪು ಕಪ್ಪುಗಳದಲ್ಲ, ಸ್ನಿಗ್ಧ ರೂಕ್ಷಗಳದು. ಕನ್ನಡದ ಆಡುಮಾತಿನಲ್ಲಿ ಉಳಿದಿರುವ ‘ಎಣ್ಣೆಗಪ್ಪು’, ‘ಎಣ್ಣೆಗೆಂಪು’ ಎಂಬ ಮಾತುಗಳು ಇದೇ ವಿವೇಕವನ್ನು ಇಟ್ಟುಕೊಂಡಿವೆ. ಬಣ್ಣದೊಡನೆ ಅದರ ಸ್ನಿಗ್ಧತೆಯನ್ನೂ ಅವು ಹೇಳುತ್ತವೆ.

ಸುಶ್ರುತನಿಂದಲೂ ಎರಡು ಪ್ರಮಾಣಗಳನ್ನು ಕೊಡಬಹುದು. ಶಾರೀರಸ್ಥಾನದಲ್ಲಿ ಆತನು ಏಳು ತ್ವಚೆಗಳನ್ನು ಹೇಳಿ, ಎಲ್ಲಕ್ಕಿಂತ ಮೇಲಿನದನ್ನು ‘ಅವಭಾಸಿನೀ’ ಎಂದು ಕರೆದು, ಅದು ಬತ್ತದ ಕಾಳಿನ ಹದಿನೆಂಟನೆಯ ಒಂದು ಭಾಗದಷ್ಟು ದಪ್ಪವೆಂದೂ ಎಲ್ಲ ವರ್ಣಗಳನ್ನೂ ಬೆಳಗಿಸುವುದೆಂದೂ ಹೇಳುತ್ತಾನೆ. ಎರಡನೆಯ ಪ್ರಮಾಣ ಇನ್ನೂ ನಿರ್ಣಾಯಕವಾದುದು. ಗಾಯದ ಅರುವತ್ತು ಉಪಕ್ರಮಗಳಲ್ಲಿ ‘ಪಾಂಡುಕರ್ಮ’ ಮತ್ತು ‘ಕೃಷ್ಣಕರ್ಮ’ ಎಂಬ ಎರಡಿವೆ. ಮಾಯ್ದ ಗಾಯದ ಕಲೆ ಕಪ್ಪಾಗಿ ಉಳಿದರೆ ಅದನ್ನು ತಿಳಿಯಾಗಿಸುವುದು ಮೊದಲನೆಯದು. ಬೆಳ್ಳಗಾಗಿ ಉಳಿದರೆ ಅದನ್ನು ಕಪ್ಪಾಗಿಸುವುದು ಎರಡನೆಯದು. ಚಿಕಿತ್ಸೆಯ ಗುರಿ ಬಿಳುಪಾಗಿದ್ದಲ್ಲಿ ಕೃಷ್ಣಕರ್ಮಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಕೆಟ್ಟ ಬಣ್ಣವನ್ನು ಆಯಾ ವ್ಯಕ್ತಿಯ ಸಹಜವರ್ಣಕ್ಕೆ ಮರಳಿಸುವುದೇ ವೈದ್ಯನ ಕಾರ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಂಸ್ಕೃತ ಕನ್ನಡ ಕಾವ್ಯಗಳಲ್ಲಿ ಗೌರವರ್ಣದ ಪ್ರಶಂಸೆ ಹೇರಳವಾಗಿದೆಯಲ್ಲವೆ? ಚರಕನೇ ಶಾರೀರಸ್ಥಾನದಲ್ಲಿ ಅವದಾತವರ್ಣದ ಮಗನನ್ನು ಬಯಸುವ ಸ್ತ್ರೀಗೆ ವಿಧಿಯೊಂದನ್ನು ಹೇಳಿಲ್ಲವೆ? ಹೇಳಿರುವುದು ನಿಜ. ಆದರೆ ಅದೇ ಪ್ರಸಂಗದಲ್ಲಿ ಶ್ಯಾಮವರ್ಣದ ಮಗನನ್ನೂ ಕೃಷ್ಣವರ್ಣದ ಮಗನನ್ನೂ ಬಯಸುವ ಸ್ತ್ರೀಯರಿಗೆ ತಕ್ಕ ವಿಧಿಗಳು ಇವೆ. ಗೌರವರ್ಣದ ಮೇಲಣ ಒಲವು ಸಮಾಜದಲ್ಲಿ ಹಿಂದೆ ಇರಲೇ ಇಲ್ಲವೆಂದು ವಾದಿಸುವುದು ಚರಿತ್ರೆಗೆ ಅಪಚಾರವಾದೀತು. ನಾವು ಹೇಳುವುದಿಷ್ಟೆ: ಆ ಒಲವು ವೈದ್ಯಶಾಸ್ತ್ರದ ‘ವರ್ಣ್ಯ’ ಶಬ್ದದ ಅರ್ಥವಲ್ಲ.

6. ಸಿದ್ಧಲೇಪಗಳ ಯುಗ

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆ ಎರಡು ಕಡೆಯಿಂದ ಬದಲಾಯಿತು. ಮೊದಲನೆಯದು ನಮ್ಮ ನಾಡಿನಲ್ಲಿಯೇ ನಡೆದುದು. ಮೈಸೂರು ಸಂಸ್ಥಾನದ ಶ್ರೀಗಂಧ ಯೂರೋಪಿಗೆ ಕೊರಡಾಗಿ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ವ್ಯಾಪಾರ ಕುಗ್ಗಿದಾಗ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ ಎಣ್ಣೆ ಇಳಿಸುವ ಪ್ರಯೋಗಗಳು ನಡೆದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಸ್ಥಾಪಿತವಾಯಿತು. ಇಂಗ್ಲೆಂಡಿನಲ್ಲಿ ತರಬೇತು ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ತಯಾರಾಯಿತು. ಅರೆದು ಹಚ್ಚುತ್ತಿದ್ದ ಚಂದನ ತೊಳೆಯುವ ಬಿಲ್ಲೆಯೊಳಗೆ ಸೇರಿಕೊಂಡಿತು. ಅರಮನೆಯ ವಿಲೇಪನದ ಪರಿಮಳ ಸಾಮಾನ್ಯರ ಬಚ್ಚಲುಮನೆಗೆ ಬಂದುದು ಸಣ್ಣ ಸಂಗತಿಯಲ್ಲ. ಆದರೆ ವಾತ್ಸ್ಯಾಯನನ ನಾಗರಕನು ಮೂರು ದಿನಕ್ಕೊಮ್ಮೆ ಬಳಸುತ್ತಿದ್ದ ನೊರೆ ಈಗ ದಿನದಿನದ್ದಾಯಿತು. ಸಾಬೂನು ಕ್ಷಾರಗುಣದ್ದು, ತೊಗಲಿನ ಮೇಲ್ಮೈ ಆಮ್ಲಗುಣದ್ದೆಂದು 1928ರಲ್ಲಿ ಜರ್ಮನಿಯ ಶಾಡೆ ಮತ್ತು ಮಾರ್ಕಿಯೋನೀನಿ ಎಂಬವರು ವಿವರಿಸಿದರು. ತೊಳೆದ ಮೇಲೆ ಮುಖ ಬಿಗಿಯುವುದಕ್ಕೆ ಕಾರಣ ಇಲ್ಲಿದೆ. ಲೇಪ ತೆಗೆದ ಬಳಿಕ ಎಣ್ಣೆ ಸವರಬೇಕೆಂಬ ವಾಗ್ಭಟನ ವಿಧಿಯ ಪ್ರಯೋಜನವೂ ಇದರಿಂದ ತಿಳಿಯುತ್ತದೆ.

ಎರಡನೆಯ ಬದಲಾವಣೆ ಪಶ್ಚಿಮದಿಂದ ಬಂದುದು. ಜೇನುಮೇಣ, ಆಲಿವ್ ಎಣ್ಣೆ, ಪನ್ನೀರುಗಳನ್ನು ಕೂಡಿಸುವ ಕೋಲ್ಡ್ ಕ್ರೀಮನ್ನು ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಗ್ಯಾಲೆನನ ಹೆಸರಿನೊಂದಿಗೆ ಜೋಡಿಸುತ್ತಾರೆ. ಹಚ್ಚಿದಾಗ ಅದರಲ್ಲಿನ ನೀರು ಆವಿಯಾಗಿ ತಂಪಾಗುವುದರಿಂದ ಆ ಹೆಸರು. ಸ್ಟಿಯರಿಕ್ ಆಮ್ಲದ ಒಂದು ಭಾಗವನ್ನು ಕ್ಷಾರದೊಡನೆ ಸಾಬೂನಾಗಿಸಿ ಬಹುಭಾಗ ನೀರಿನಲ್ಲಿ ಬೆರೆಸಿದರೆ ಸಿಗುವುದು ಇನ್ನೊಂದು ಬಗೆ. ಉಜ್ಜಿದೊಡನೆ ಕಣ್ಣಿಗೆ ಮಾಯವಾಗುವ, ಹಿಮದಂತೆ ಬೆಳ್ಳಗಿರುವ ಇದಕ್ಕೆ ‘ಸ್ನೋ’ ಎಂದು ಹೆಸರಾಯಿತು. ಅಮೆರಿಕದ ಪಾಂಡ್ಸ್ ಸಂಸ್ಥೆ 1910ರ ದಶಕದಲ್ಲಿ ಈ ಎರಡನ್ನೂ ಜೊತೆಯಾಗಿ ಪ್ರಚಾರಮಾಡಿ, ರಾತ್ರಿಗೊಂದು, ಹಗಲಿಗೊಂದು ಎಂಬ ಹೊಸ ದಿನಚರ್ಯೆಯನ್ನು ಕಟ್ಟಿತು. ಮುಂಬಯಿಯಲ್ಲಿ ಇ. ಎಸ್. ಪಾಟಣವಾಲಾ 1919ರಲ್ಲಿ ಅಫ್ಘಾನ್ ಸ್ನೋವನ್ನು ಹೊರತಂದರು. ‘ಸ್ನೋ ಪೌಡರು’ ಎಂಬ ಜೋಡಿಮಾತು ಕನ್ನಡದಲ್ಲಿ ಮನೆಮಾತಾದುದು ಹೀಗೆ. ಸ್ವಾತಂತ್ರ್ಯಾನಂತರ 1952ರಲ್ಲಿ ಟಾಟಾ ಸಮೂಹದಿಂದ ಲ್ಯಾಕ್ಮೆ ಆರಂಭವಾಯಿತು.

ಈ ಪರಿವರ್ತನೆಯಲ್ಲಿ ಗಮನಿಸಬೇಕಾದುದು ಕ್ರಮದ ವಿಪರ್ಯಾಸ. ಹಿಂದೆ ಮುಖವನ್ನೂ ಋತುವನ್ನೂ ನೋಡಿ ಲೇಪವನ್ನು ಕೂಡಿಸುತ್ತಿದ್ದರು. ಈಗ ಡಬ್ಬಿಯಲ್ಲಿನ ಲೇಪ ಸ್ಥಿರವಾಯಿತು. ಅದು ತನಗೆ ಒಗ್ಗುವುದೇ ಎಂದು ಮುಖವೇ ಪರೀಕ್ಷೆಗೆ ಒಳಗಾಗಬೇಕಾಯಿತು. ಒಂದಾದ ಮೇಲೊಂದು ಸಿದ್ಧವಸ್ತುವನ್ನು ಹಚ್ಚಿ ನೋಡುವ ಇಂದಿನ ರೂಢಿಯ ಮೂಲ ಇದು. ಈ ಪರೀಕ್ಷೆಗೆ ವಿಜ್ಞಾನವು ಸುರಕ್ಷಿತ ಮಾರ್ಗವೊಂದನ್ನು ಆಗಲೇ ತೋರಿಸಿಕೊಟ್ಟಿತ್ತು. ಜೋಸೆಫ್ ಯಾಡಸ್ಸೋನ್ ಎಂಬ ಚರ್ಮವೈದ್ಯನು 1895ರಲ್ಲಿ, ಸಂದೇಹವಿರುವ ದ್ರವ್ಯವನ್ನು ಮೈಯ ಒಂದು ಸಣ್ಣ ಜಾಗದಲ್ಲಿ ಪಟ್ಟಿ ಹಾಕಿ ಕಟ್ಟಿ ಪರೀಕ್ಷಿಸುವ ಕ್ರಮವನ್ನು ಮಂಡಿಸಿದನು. ಆತನು ಪರೀಕ್ಷಿಸಿದ ದ್ರವ್ಯಗಳಲ್ಲಿ ಪಾದರಸವೂ ಒಂದು.

7. ಅರ್ಥಾಂತರದ ಬೆಲೆ

ಪಾದರಸದ ಹೆಸರು ಇಲ್ಲಿ ಆಕಸ್ಮಿಕವಾಗಿ ಬಂದುದಲ್ಲ. ಪಾದರಸದ ಲವಣಗಳು ತೊಗಲಿನ ಬಣ್ಣವನ್ನುಂಟುಮಾಡುವ ಕ್ರಿಯೆಯನ್ನು ತಡೆಯುತ್ತವೆ. ಆದುದರಿಂದ ಬಿಳುಪು ಕೊಡುವುದಾಗಿ ಹೇಳುವ ಕ್ರೀಮುಗಳಲ್ಲಿ ನಾನಾ ದೇಶಗಳಲ್ಲಿ ಅವು ಸೇರಿದುವು. ತೊಗಲಿನ ಮೂಲಕ ಒಳಹೊಕ್ಕ ಪಾದರಸ ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸುತ್ತದೆ. 2013ರಲ್ಲಿ ಅಂಗೀಕೃತವಾದ ಮಿನಮಾಟ ಒಡಂಬಡಿಕೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಪಾದರಸವುಳ್ಳ ಪ್ರಸಾಧನಗಳ ತಯಾರಿಕೆ ವ್ಯಾಪಾರಗಳನ್ನು ನಿಲ್ಲಿಸಲು 2020ರ ಗಡುವನ್ನು ವಿಧಿಸಿತು.

ಮತ್ತೊಂದು ಅಪಾಯ ಸ್ಟಿರಾಯ್ಡ್ ಕ್ರೀಮುಗಳದು. ವೈದ್ಯರು ಕೆಲವು ದಿನಗಳಿಗೆಂದು ಬರೆಯುವ ಈ ಔಷಧಿಯನ್ನು, ಮುಖ ತಿಳಿಯಾಗುವುದೆಂದು ಕೇಳಿ, ತಿಂಗಳುಗಟ್ಟಲೆ ಹಚ್ಚಿದವರ ತೊಗಲು ತೆಳುವಾಗಿ, ಕೆಂಪೇರಿ, ಬಿಸಿಲನ್ನು ತಡೆಯದಂತಾಗುತ್ತದೆ. ಬಿಟ್ಟೊಡನೆ ಉರಿ ಹೆಚ್ಚುವುದರಿಂದ ಬಿಡುವುದೂ ಕಷ್ಟವಾಗುತ್ತದೆ. ಇಂಥ ಮುಖಗಳನ್ನು ಹೆಚ್ಚಾಗಿ ಕಂಡ ಭಾರತೀಯ ಚರ್ಮವೈದ್ಯರು ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಡಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಇದ್ದ ವಿನಾಯಿತಿಯನ್ನು ತೆಗೆದುಹಾಕಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಎಂಬ ಬೇರೆ ಬಗೆಯ, ಪ್ರಸಿದ್ಧ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ಬಿಟ್ಟು ಹೊಳಪಿನ ಮಾತನ್ನು ಇಟ್ಟುಕೊಂಡಿತು. ಚರಕನ ಪರಿಭಾಷೆಯಲ್ಲಿ ಹೇಳುವುದಾದರೆ, ವರ್ಣವನ್ನು ಬಿಟ್ಟು ಪ್ರಭೆಯ ಹೆಸರನ್ನು ಹಿಡಿಯಿತು. ಹೆಸರಿನೊಡನೆ ಭಾವನೆಯೂ ಬದಲಾಯಿತೇ ಎಂಬುದನ್ನು ವಿವಾಹದ ಜಾಹೀರಾತುಗಳನ್ನು ಓದುವವರು ತಾವೇ ನಿರ್ಣಯಿಸಬಹುದು.

ಹೀಗೆಂದು ಪ್ರಾಚೀನವಾದುದೆಲ್ಲ ನಿರಪಾಯವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಸಂಹಿತೆಗಳ ಚರ್ಮರೋಗಲೇಪಗಳಲ್ಲಿ ಹರಿತಾಳ, ಮನಃಶಿಲೆಗಳಂಥ ಶಂಖಪಾಷಾಣದ ಖನಿಜಗಳೂ ಇವೆ. ಅವನ್ನು ಇಂದು ಯಾರೂ ಮುಖಕ್ಕೆ ಹಚ್ಚಲಾಗದು. ಬಿಸಿಲಿನ ಅದೃಶ್ಯ ಕಿರಣಗಳಿಂದ ಕಲೆಯೂ ಸುಕ್ಕೂ ಉಂಟಾಗುವ ಬಗೆ ವಾಗ್ಭಟನಿಗೆ ತಿಳಿದಿರಲಿಲ್ಲ. ಲೇಪದ ಕಾಲದಲ್ಲಿ ಬಿಸಿಲು ಕೂಡದೆಂದು ಮಾತ್ರ ಆತನು ಹೇಳಿದನು. ಪ್ರಾಚೀನರಿಂದ ನಾವು ಕಲಿಯಬಹುದಾದುದು ದ್ರವ್ಯಗಳ ಪಟ್ಟಿಯನ್ನಲ್ಲ, ಅವುಗಳ ಹಿಂದಿನ ವಿವೇಕವನ್ನು.

8. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಮುಖಸಂಸ್ಕಾರವು ನಮ್ಮ ದೇಶದಲ್ಲಿ ಸ್ತ್ರೀಯರ ಅಲಂಕಾರದ ಒಂದು ಭಾಗ ಮಾತ್ರವಾಗಿರದೆ, ಸ್ತ್ರೀಪುರುಷರಿಬ್ಬರಿಗೂ ಹೇಳಿದ ಆರೋಗ್ಯವಿಧಿಯಾಗಿತ್ತು. ತೊಳೆಯುವುದು, ಲೇಪಿಸುವುದು, ಒಣಗುವ ಮುನ್ನ ತೆಗೆಯುವುದು, ಸ್ನೇಹವನ್ನು ಸವರುವುದು ಎಂಬ ನಿಯತಕ್ರಮ ಅದಕ್ಕಿತ್ತು. ಎರಡನೆಯದಾಗಿ, ಆ ಕ್ರಮವು ಋತು, ದೇಹಸ್ಥಿತಿ, ಮಿತಿ ಎಂಬ ಮೂರನ್ನು ಆಶ್ರಯಿಸಿತ್ತು. ಸಿದ್ಧಲೇಪಗಳ ಯುಗದಲ್ಲಿ ಈ ಮೂರೂ ಹಿಂದೆ ಸರಿದು ವಸ್ತುವೇ ಮುಂದೆ ಬಂದಿತು. ಮೂರನೆಯದಾಗಿ, ‘ವರ್ಣ್ಯ’ವೆಂದರೆ ಬಿಳುಪು ಕೊಡುವುದಲ್ಲ, ಅವರವರ ಸಹಜವರ್ಣವನ್ನು ಪ್ರಸನ್ನಗೊಳಿಸುವುದು. ಕೃಷ್ಣವರ್ಣವನ್ನು ಸಹಜವೆಂದೂ ಶುಕ್ಲವನ್ನು ವಿಕೃತಿಯೆಂದೂ ಎಣಿಸಿದ ಶಾಸ್ತ್ರದ ಹೆಸರಿನಲ್ಲಿ ಬಿಳುಪನ್ನು ಮಾರುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ. ತನ್ನ ಸಹಜವಾದ ಎಣ್ಣೆಗಪ್ಪನ್ನು ದೋಷವೆಂದು ನಂಬಿ ಪಾದರಸವನ್ನು ಹಚ್ಚಿಕೊಳ್ಳುವ ಹುಡುಗಿಗೆ ಮಾಡುವ ಅನ್ಯಾಯ ಅದಕ್ಕಿಂತ ದೊಡ್ಡದು.

ಲೋಕೋಪಕಾರದ ಗಂಧದ್ರವ್ಯಗಳ ಭಾಗವನ್ನೂ ಮಾನಸೋಲ್ಲಾಸದ ಸ್ನಾನ ವಿಲೇಪನಗಳ ಅಧ್ಯಾಯಗಳನ್ನೂ ಒಟ್ಟಿಗೆ ಇಟ್ಟು, ಅಲ್ಲಿನ ದ್ರವ್ಯನಾಮಗಳನ್ನು ಸಸ್ಯಶಾಸ್ತ್ರಜ್ಞರ ಸಹಾಯದಿಂದ ನಿರ್ಧರಿಸುವುದು ಉಪಯುಕ್ತವಾದ ಕಾರ್ಯ. ಆಸಕ್ತರಾದ ಸಂಶೋಧಕರು ಇದನ್ನು ಕೈಗೊಳ್ಳುವರೆಂದು ಆಶಿಸುತ್ತೇವೆ.